ಸೋಪಿನ ನೀರು ಹಿಡಿದ ದಾರಿ

ಅಜ್ಜಂಪುರ
9 ಜೂನ್ 2024

ರಹಮತಣ್ಣನವರಿಗೆ ಕಾಂತಮ್ಮ ಮಾಡುವ ನಮಸ್ಕಾರ.

ಫೋನಿನಲ್ಲಿ ಕೂಗಿ ಕೂಗಿ ಸಾಕಾಯಿತು. ಮೊನ್ನೆ ನಾನು ‘ಬಾವಿ, ಬಾವಿ’ ಎಂದು ಹತ್ತು ಸಲ ಹೇಳಿದರೆ ನೀವು ಮಗನನ್ನು ಕೇಳಿದೆನೆಂದುಕೊಂಡು ‘ಜಾವೀದ್ ಮಂಗಳೂರಿಗೆ ಲೋಡ್ ತಗೊಂಡು ಹೋಗಿದ್ದಾನೆ’ ಎಂದಿರಿ. ಮೂವತ್ತೈದು ವರ್ಷ ಇಂಜಿನ್ನಿನ ಪಕ್ಕದಲ್ಲೇ ಇದ್ದ ಕಿವಿ, ಮಿಷನ್ ಹಾಕಿದರೂ ಅಷ್ಟೇ. ನಮ್ಮದೋ ಬಟನ್ ಫೋನು. ಅದಕ್ಕೇ ಬರೆಯುತ್ತಿದ್ದೇನೆ. ಅಂಗನವಾಡಿಯಿಂದ ರಿಟೈರ್ ಆದ ಮೇಲೆ ಇಷ್ಟು ಉದ್ದ ಬರೆದವಳಲ್ಲ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಮಳೆ ಚೆನ್ನಾಗಿ ಹಿಡಿದಿದೆ. ಹೋದ ವರ್ಷ ತಳ ಕಂಡಿದ್ದ ನಮ್ಮ ಬಾವಿಯಲ್ಲಿ ಈಗ ಹನ್ನೆರಡು ಮೆಟ್ಟಿಲು ಮುಳುಗುವಷ್ಟು ನೀರಿದೆ. ಇವರಿಗೆ ಖುಷಿಯೋ ಖುಷಿ. ಹತ್ತು ಗುಂಟೆಗೂ ದಂಟು, ಮೆಂತ್ಯ, ಸಬ್ಬಸಿಗೆ ಹಾಕಿದ್ದಾರೆ.

ಹೇಳಬೇಕಾದದ್ದು ಬೇರೆ. ಒಂದು ವಾರದಿಂದ ನಮ್ಮ ಹಸು ಬಾನಿಯ ನೀರಿಗೆ ಮೂತಿ ಹಾಕಿ ಮೂಸಿ ಹಿಂದಕ್ಕೆ ಹೋಗುತ್ತಿದೆ. ನೋಡಿದರೆ ನೀರಿನ ಮೇಲೆ ಬಣ್ಣಬಣ್ಣದ ತೆಳುವಾದ ಪರೆ. ಕೊಡ ಇಳಿಸಿದಾಗ ಬಾವಿಯ ಅಂಚಿಗೆ ನೊರೆ ಕೂರುತ್ತದೆ. ನಿಮ್ಮ ಗ್ಯಾರೇಜಿನ ಜಾಗದಲ್ಲಿ ನಮ್ಮ ಶಿವಕುಮಾರ ವಾಟರ್ ಸರ್ವೀಸ್ ಹಾಕಿ ಎರಡು ವರ್ಷವಾಯಿತಲ್ಲ, ಈಗ ಅದೇನೋ ಫೋಮ್ ವಾಶ್ ಅಂತೆ, ಕಾರಿಗೆ ಮೊಸರು ಬಳಿದ ಹಾಗೆ ಬಳಿಯುತ್ತಾನೆ. ಆ ನೀರೆಲ್ಲ ರ‍್ಯಾಂಪಿನ ಹಿಂದಿನ ಇಂಗುಗುಂಡಿಗೆ ಹೋಗುತ್ತದೆ. ನಮ್ಮ ಬಾವಿ ಅಲ್ಲಿಂದ ಅರವತ್ತು ಹೆಜ್ಜೆ ಕೆಳಗೆ.

ಅವನು ನನ್ನ ತಮ್ಮನ ಮಗ. ಅವನಿಗೆ ಆ ಜಾಗ ಕೊಡಿ ಎಂದು ನಿಮ್ಮ ಹತ್ತಿರ ಬಂದು ಕೂತವಳೂ ನಾನೇ. ನಾನು ಹೇಳಿದರೆ ‘ಅದು ಶಾಂಪೂ ಕಣತ್ತೆ, ತಲೆಗೆ ಹಚ್ಕೊಳಲ್ವಾ, ಏನೂ ಆಗಲ್ಲ’ ಎಂದು ನಗುತ್ತಾನೆ. ಜಾಗದ ಯಜಮಾನರು ನೀವು. ಒಂದು ಮಾತು ಬರೆಯಿರಿ. ಏನು ಮಾಡಬೇಕೆಂದೂ ತಿಳಿಸಿ.

ನಿಮ್ಮ ಸೊಂಟ ಹೇಗಿದೆ? ನಜೀರಾ ಇದ್ದಿದ್ದರೆ ನಿಮ್ಮನ್ನು ಬಚ್ಚಲಲ್ಲಿ ಜಾರಲು ಬಿಡುತ್ತಿರಲಿಲ್ಲ.

ಕಾಂತಮ್ಮ

~

ತರೀಕೆರೆ
17 ಜೂನ್ 2024

ತಂಗಿ ಕಾಂತಮ್ಮನಿಗೆ ರಹಮತ್ ಉಲ್ಲಾನ ಸಲಾಂ.

ಕಾಗದ ಬಂದಾಗ ಸೊಸೆ ಯಾಸ್ಮಿನ್ ಓದಿ ಹೇಳಲು ಬಂದಳು. ನೀನು ಓದಿದರೂ ನನಗೆ ಕೇಳಿಸುವುದಿಲ್ಲ, ಕೊಡು ಇಲ್ಲಿ ಎಂದು ಕಿತ್ತುಕೊಂಡೆ. ಮೂರು ಸಲ ಓದಿದೆ. ಇಲ್ಲಿ ಎಲ್ಲರೂ ನನ್ನ ಮುಂದೆ ತುಟಿ ಆಡಿಸುತ್ತಾರೆ, ಯಾರ ಮಾತೂ ಪೂರ್ತಿ ಸಿಗುವುದಿಲ್ಲ. ನಿನ್ನದು ಪೂರ್ತಿ ಸಿಕ್ಕಿತು.

ಹೆದರಬೇಡ. ಗಾಡಿಗಳ ಅಡಿಯ ಗ್ರೀಸು ಗುಂಡಿಯ ಕಲ್ಲಿಗೆ ಮೆತ್ತಿಕೊಂಡಿರುತ್ತದೆ, ನೀರು ಇಂಗದೆ ಪಕ್ಕಕ್ಕೆ ಹರಿಯುತ್ತಿದೆ. ಅಷ್ಟೇ. ಶಿವಕುಮಾರನಿಗೆ ಹೇಳು: ಎರಡು ಡ್ರಮ್ ಬಿಸಿನೀರಿಗೆ ಐದಾರು ಕೆಜಿ ಸೋಪಿನ ಪುಡಿ, ಅದಕ್ಕೆ ವಾಷಿಂಗ್ ಸೋಡಾ ಕಲಸಿ ಗುಂಡಿಗೆ ಹೊಯ್ಯಲಿ. ಒಂದು ದಿನ ಬಿಟ್ಟು ಪಂಪ್ ಹಚ್ಚಿ ಜೋರಾಗಿ ನೀರು ಹೊಡೆಯಲಿ. ಇನ್ನೊಂದು ಸಲವೂ ಹಾಗೇ ಮಾಡಲಿ. ಜಿಡ್ಡೆಲ್ಲ ಕಿತ್ತುಕೊಂಡು ಹೋಗುತ್ತದೆ. ನನ್ನ ಗ್ಯಾರೇಜಿನ ನೆಲ, ನನ್ನ ಕೈ, ನನ್ನ ಬಟ್ಟೆ ಎಲ್ಲ ಹೀಗೇ ತೊಳೆದದ್ದು. ಈ ಒಂದು ಕೆಲಸದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಸೊಂಟಕ್ಕೆ ಸ್ಟೀಲ್ ಹಾಕಿದ್ದಾರೆ. ಬಸ್ ಹತ್ತಬಾರದಂತೆ. ಅಜ್ಜಂಪುರ ಒಂದು ಗಂಟೆಯ ದಾರಿ, ನನಗೆ ಮಕ್ಕಾದಷ್ಟು ದೂರವಾಗಿದೆ. ಅಂಜಿನಪ್ಪನಿಗೆ ಹೇಳು, ಮೆಂತ್ಯದ ಸೊಪ್ಪು ಇಲ್ಲಿ ನೀರುನೀರಾಗಿರುತ್ತದೆ, ಅವನದರ ಹಾಗಿಲ್ಲ.

ರಹಮತ್ ಉಲ್ಲಾ

~

ಅಜ್ಜಂಪುರ
5 ಜುಲೈ 2024

ರಹಮತಣ್ಣನವರಿಗೆ,

ನೀವು ಹೇಳಿದ ಹಾಗೆಯೇ ಶಿವಕುಮಾರ ಎರಡು ಸಲ ಹೊಯ್ದ. ಮೊದಲು ಗೊಣಗಿದ, ನಿಮ್ಮ ಕಾಗದ ತೋರಿಸಿದ ಮೇಲೆ ‘ಸಾಬ್ರೇ ಹೇಳಿದ್ಮೇಲೆ ಮುಗೀತು’ ಎಂದು ತಾನೇ ಒಲೆ ಹಚ್ಚಿ ನೀರು ಕಾಯಿಸಿದ. ಗುಂಡಿ ಗುಟುಗುಟು ಎಂದು ಕುಡಿದುಬಿಟ್ಟಿತು. ಈಗ ನೀರು ಒಂದು ಕ್ಷಣವೂ ನಿಲ್ಲುತ್ತಿಲ್ಲ.

ಬಾವಿಯ ಮೇಲಿನ ಪರೆ ಹೋಗಿದೆ. ನಿನ್ನೆ ಹಸು ನೀರು ಕುಡಿಯಿತು. ಇವರು ‘ರಹಮತ್ತು ಇಂಜಿನ್ ಸದ್ದು ಕೇಳೇ ಕಾಯಿಲೆ ಹೇಳ್ತಿದ್ದ, ಈಗ ಕಾಗದ ನೋಡೇ ಹೇಳ್ತಾನೆ’ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಮೆಂತ್ಯ ಒಣಗಿಸಿ ಇಟ್ಟಿದ್ದೇನೆ. ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ಕಾಂತಮ್ಮ

~

ಅಜ್ಜಂಪುರ
14 ಜುಲೈ 2024

ರಹಮತಣ್ಣ,

ಭಾನುವಾರದ ಮಳೆ ಆದ ಮೇಲೆ ಬಾವಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ. ಕೆಳಗಿನಿಂದ ಮೇಲಿನವರೆಗೆ ಒಂದೇ ಬಣ್ಣ. ಮೊದಲಿನಂತೆ ಪರೆ ಇಲ್ಲ. ಬಟ್ಟೆಯಲ್ಲಿ ಸೋಸಿದರೂ ತಿಳಿಯಾಗುವುದಿಲ್ಲ, ಮೂರು ದಿನ ಕೊಡದಲ್ಲಿಟ್ಟರೂ ತಳಕ್ಕೆ ಏನೂ ಇಳಿಯುವುದಿಲ್ಲ. ಮೂಸಿದರೆ ನಿಮ್ಮ ಹಳೆಯ ಗ್ಯಾರೇಜಿನ ವಾಸನೆ. ಗಾಡಿಯ ಆಯಿಲ್ ಇಳಿಸುತ್ತಿದ್ದಿರಲ್ಲ, ಅದೇ ವಾಸನೆ.

ಇನ್ನೊಂದು ಸಲ ಹೊಯ್ಯಿಸಲೇ? ಬೇಗ ತಿಳಿಸಿ.

ಕಾಂತಮ್ಮ

~

ತರೀಕೆರೆ
18 ಜುಲೈ 2024

ತಂಗಿ,

ಇನ್ನು ಏನನ್ನೂ ಹೊಯ್ಯಬೇಡಿ. ಶಿವಕುಮಾರನ ಪಂಪ್ ಇವತ್ತೇ ನಿಲ್ಲಲಿ. ಆ ನೀರನ್ನು ನೀವು ಕುಡಿಯಬೇಡಿ, ಹಸುವಿಗೂ ಬೇಡ.

ಜಾವೀದನ ಮಗಳು ನೂರೈನ್ ಶಿವಮೊಗ್ಗದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದಾಳೆ, ಮಣ್ಣು ನೀರಿನದೇ ಓದು. ಅವಳನ್ನು ಕಳಿಸುತ್ತೇನೆ. ಅವಳು ಕೇಳಿದ್ದನ್ನೆಲ್ಲ ತೋರಿಸು.

ರಹಮತ್ ಉಲ್ಲಾ

~

ಅಜ್ಜಂಪುರ
6 ಆಗಸ್ಟ್ 2024

ರಹಮತಣ್ಣನವರಿಗೆ,

ನೂರೈನ್ ಬಂದಿದ್ದಳು. ಎಷ್ಟು ಎತ್ತರ ಬೆಳೆದಿದ್ದಾಳೆ! ಮೂಗು ಮಾತ್ರ ನಜೀರಾಳದೇ. ಬಾವಿಯ ನೀರನ್ನು ಕಂದು ಬಣ್ಣದ ಗಾಜಿನ ಬಾಟಲಿಗಳಿಗೆ ತುಂಬಿದಳು. ಆಮೇಲೆ ಇಂಗುಗುಂಡಿಯ ಹತ್ತಿರ ಹೋಗಿ ಶಿವಕುಮಾರನನ್ನು ಕೇಳಿದಳು, ‘ಇಲ್ಲೇ ಯಾಕೆ ಅಗೆದ್ರಿ?’

‘ಬೇರೆ ಕಡೆ ಹಾರೆ ಇಳೀಲಿಲ್ಲ. ಇಲ್ಲಿ ಮಣ್ಣು ಮೆತ್ಗಿತ್ತು, ಕರ್ರಗೆ. ಅರ್ಧ ದಿನಕ್ಕೇ ಗುಂಡಿ ಆಗ್ಹೋಯ್ತು.’

ಹುಡುಗಿ ಉದ್ದನೆಯ ಕೊಳವೆ ಇಳಿಸಿ ಮಣ್ಣು ತೆಗೆದಳು. ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡುತ್ತಾ ನಿಂತಳು. ಮುಂಚೆ ಇಲ್ಲಿ ಏನಿತ್ತು ಎಂದು ಇವರನ್ನು ಕೇಳಿದಳು. ಇವರು ಸಲೀಸಾಗಿ ಹೇಳಿಬಿಟ್ಟರು: ‘ನಿಮ್ಮಜ್ಜ ಸುಟ್ಟ ಆಯಿಲ್ ಸುರೀತಿದ್ದ ಜಾಗ ಕಣವ್ವಾ. ಎಲ್ಲ ಗಾಡೀದೂ ಅಲ್ಲೇ.’ ಅವಳು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡಳು. ಕಾಫಿ ಕೊಟ್ಟರೆ ಕುಡಿಯಲಿಲ್ಲ, ನನ್ನ ಕೈ ಹಿಡಿದುಕೊಂಡು ‘ರಿಸಲ್ಟ್ ಬರೋವರೆಗೂ ಈ ನೀರು ಮುಟ್ಬೇಡಿ ಅಜ್ಜಿ, ದಾದಾ ಹತ್ರ ಎಲ್ಲ ಹೇಳ್ತೀನಿ’ ಎಂದು ಬಸ್ ಹತ್ತಿದಳು.

ಮೂರು ವಾರ ಬೇಕಂತೆ. ಅಲ್ಲಿಯವರೆಗೆ ಇವರು ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಊರೊಳಗಿನ ನಲ್ಲಿಯಿಂದ ತರುತ್ತಿದ್ದಾರೆ. ಎಪ್ಪತ್ತು ವರ್ಷದ ಮನುಷ್ಯ. ಶಿವಕುಮಾರ ಕೆಲಸ ನಿಲ್ಲಿಸಿ ಶೆಡ್ಡಿನಲ್ಲಿ ಸುಮ್ಮನೆ ಕೂತಿರುತ್ತಾನೆ. ಇವರು ಅವನ ಮುಖ ನೋಡುವುದಿಲ್ಲ. ಅವನು ‘ಮಾವ’ ಎಂದರೆ ಸೈಕಲ್ ತಿರುಗಿಸಿಕೊಂಡು ಹೋಗುತ್ತಾರೆ.

ಅಣ್ಣ, ನಿಮ್ಮ ಎಣ್ಣೆ ಅಲ್ಲಿ ಬಿದ್ದು ಎಷ್ಟು ವರ್ಷವಾಯಿತು? ಅಷ್ಟು ವರ್ಷ ನಾವು ಆ ಬಾವಿಯ ನೀರನ್ನೇ ಕುಡಿದೆವಲ್ಲ? ನನಗೆ ಅರ್ಥವಾಗುತ್ತಿಲ್ಲ.

ಕಾಂತಮ್ಮ

~

ತರೀಕೆರೆ
2 ಸೆಪ್ಟೆಂಬರ್ 2024

ತಂಗಿ ಕಾಂತಮ್ಮನಿಗೆ,

ಬರೆಯಲು ತಡವಾಯಿತು. ಇಲ್ಲಿಯೂ ಮಳೆ ಬಿಟ್ಟಿಲ್ಲ. ಜಾವೀದನ ಲಾರಿಗೆ ಘಾಟಿಯಲ್ಲಿ ಕ್ಲಚ್ ಹೋಗಿ ಎರಡು ದಿನ ದಾರಿಯಲ್ಲೇ ಇದ್ದ. ಸೊಂಟದ ನೋವು ಥಂಡಿಗೆ ಹೆಚ್ಚು. ಅಮೃತಾಪುರದಿಂದ ಯಾಸ್ಮಿನ್ ತವರಿನವರು ಬಂದಿದ್ದರು, ಒಂದು ವಾರ ಮನೆ ತುಂಬ ಜನ.

ನೀನು ಕೇಳಿದ್ದಕ್ಕೆ ನೂರೈನ್ ಹೇಳಿದ್ದು ಇಷ್ಟು. ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ. ಹಾಗಾಗಿ ಎಣ್ಣೆ ಮಣ್ಣನ್ನು ಕಚ್ಚಿಕೊಂಡು ಇದ್ದಲ್ಲೇ ಇರುತ್ತದೆ, ಮಳೆ ಬಂದರೂ ಜಾಗ ಬಿಡುವುದಿಲ್ಲ. ಸೋಪಿಗೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ನೀನು ಬಾಣಲೆ ತಿಕ್ಕುವಾಗ ಆಗುವುದೂ ಅದೇ. ಜಿಡ್ಡು ಬಾಣಲೆ ಬಿಟ್ಟು ನೀರಿನ ಜೊತೆ ಹೋಗುತ್ತದೆ.

ರಿಸಲ್ಟ್ ಇನ್ನೂ ಬಂದಿಲ್ಲ. ಬಂದ ಕೂಡಲೇ ಬರೆಯುತ್ತೇನೆ.

ಶಿವಕುಮಾರನನ್ನು ಬೈಯಬೇಡಿ. ಅಂಜಿನಪ್ಪನಿಗೂ ಹೇಳು.

ರಹಮತ್ ಉಲ್ಲಾ

~

ಅಜ್ಜಂಪುರ
29 ಸೆಪ್ಟೆಂಬರ್ 2024

ರಹಮತಣ್ಣನವರಿಗೆ,

ನಾಲ್ಕು ವಾರವಾಯಿತು, ನಿಮ್ಮಿಂದ ಕಾಗದವಿಲ್ಲ. ಟೀ ಅಂಗಡಿಯಲ್ಲಿ ರಘುನಾಥ ಆಡಿದ ಮಾತು ನಿಮ್ಮ ಕಿವಿಗೆ ಬಿತ್ತೇ ಎಂದು ನನಗೆ ಅನುಮಾನ. ‘ಸಾಬರ ಎಣ್ಣೆ ಊರ ಬಾವಿ ಕೆಡಿಸ್ತು’ ಎಂದನಂತೆ. ಬೇಸರ ಮಾಡಿಕೊಂಡು ಸುಮ್ಮನಾಗಿದ್ದರೆ ಇದನ್ನೂ ಕೇಳಿ. ಇವರು ಅಲ್ಲೇ ಇದ್ದರು. ‘ಲೇ, ಆ ಎಣ್ಣೆ ಅವನ ಮನೇಲಿ ಕರೆದದ್ದಾ? ನಿನ್ ಟ್ರ್ಯಾಕ್ಟರ್‌ದೂ ನಮ್ಮ ಟಿಲ್ಲರ್‌ದೂ ಹೊಟ್ಟೆಯಿಂದ ಇಳಿಸಿದ್ದು ಕಣಯ್ಯಾ’ ಎಂದು ಲೋಟ ಕುಕ್ಕಿ ಎದ್ದು ಬಂದರಂತೆ. ಆಡಿದವನೇ ಆಮೇಲೆ ನನ್ನ ಹತ್ತಿರ ಬಂದು ಪೆಚ್ಚುಮುಖ ಹಾಕಿಕೊಂಡು ಹೋದ.

ಇನ್ನೊಂದು ಸಮಾಚಾರ. ನೀರು ಈಗ ಅಷ್ಟು ಬೆಳ್ಳಗಿಲ್ಲ. ಇವರು ಸೈಕಲ್ ತುಳಿದು ಸಾಕಾಗಿ ಹದಿನೈದು ದಿನದಿಂದ ಬಾವಿಯದನ್ನೇ ಕುದಿಸಿ ಕುಡಿಯುತ್ತಿದ್ದಾರೆ. ಬೇಡ ಎಂದರೆ ಕೇಳುವುದಿಲ್ಲ. ‘ಕೆಟ್ಟಿದ್ರೆ ರಹಮತ್ತು ಹೇಳ್ದೆ ಇರ್ತಾನೇನೇ? ಮೂರು ವಾರ ಅಂದೋರು ಏಳು ವಾರ ಆದ್ರೂ ಸುಮ್ನವ್ರೆ ಅಂದ್ರೆ ಏನೂ ಇಲ್ಲ ಅಂತ್ಲೇ ಅರ್ಥ’ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸತೊಡಗಿದೆ. ಆದರೂ ನಾನಿನ್ನೂ ನಲ್ಲಿ ನೀರನ್ನೇ ಕುಡಿಯುತ್ತಿದ್ದೇನೆ.

ಕಾಂತಮ್ಮ

~

ತರೀಕೆರೆ
2 ಅಕ್ಟೋಬರ್ 2024

ಕಾಂತಮ್ಮ,

ಇದನ್ನು ಜಾವೀದನ ಕೈಯಲ್ಲೇ ಕಳಿಸುತ್ತಿದ್ದೇನೆ. ಓದುವ ಮೊದಲು ಅಂಜಿನಪ್ಪನ ಕೈಯಿಂದ ಆ ನೀರನ್ನು ಕಿತ್ತು ಚೆಲ್ಲು. ಆಮೇಲೆ ಓದು.

ರಿಸಲ್ಟ್ ಆಗಸ್ಟ್ 27ಕ್ಕೇ ಬಂದಿತ್ತು. ನಾನು ಸುಳ್ಳು ಬರೆದೆ. ‘ಕಾಂತಮ್ಮಜ್ಜಿಗೆ ತಿಳಿಸಿದಿರಾ ದಾದಾ’ ಎಂದು ನೂರೈನ್ ಕೇಳಿದಾಗ ‘ಎಲ್ಲ ಬರೆದೆ’ ಎಂದು ಅವಳಿಗೂ ಸುಳ್ಳು ಹೇಳಿದೆ.

ನೀರಿನಲ್ಲಿ ಎಣ್ಣೆಯಿದೆ, ಎಣ್ಣೆಯ ಜೊತೆ ಇಂಜಿನ್ ಸವೆದು ಬಂದ ಸೀಸವೂ ಇದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ನೀರು ತಿಳಿಯಾಗಿ ಕಂಡರೂ ನಂಬಬಾರದು.

ಇದಿಷ್ಟನ್ನು ಬರೆಯಲು ನನಗೆ ಕಷ್ಟವಿರಲಿಲ್ಲ. ಅವಳು ಇನ್ನೊಂದು ಮಾತು ಹೇಳಿದಳು. ನನ್ನ ಕಿವಿಗೆ ಕೇಳದೆ, ಕಾಗದದ ಮೇಲೆ ಬರೆದು ತೋರಿಸು ಎಂದೆ. ಬರೆದಳು. ಆ ಚೀಟಿ ಈಗಲೂ ನನ್ನ ದಿಂಬಿನ ಕೆಳಗಿದೆ. ಸೋಪು ಸ್ವಲ್ಪವಿದ್ದಾಗ ಅದನ್ನು ಮಣ್ಣೇ ಹೀರಿ ಇಟ್ಟುಕೊಳ್ಳುತ್ತದಂತೆ, ಎಣ್ಣೆ ಅಷ್ಟಾಗಿ ಕದಲುವುದಿಲ್ಲವಂತೆ. ಶಿವಕುಮಾರ ಎರಡು ವರ್ಷ ತೊಳೆದರೂ ಏನೂ ಕಾಣದಿದ್ದದ್ದು ಅದಕ್ಕೆ. ಮಣ್ಣಿಗೆ ಸಾಕಾದ ಮೇಲೆ ಮಿಕ್ಕ ಸೋಪು ನೀರಿನಲ್ಲಿ ಗುಂಪುಗುಂಪಾಗಿ ಸಣ್ಣ ಗುಳಿಗೆ ಕಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಪ್ರತಿ ಗುಳಿಗೆಯೂ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ನೀರಿನ ಜೊತೆ ನಡೆಯುತ್ತದೆ. ನೀನು ಜೂನ್‌ನಲ್ಲಿ ನೋಡಿದ ಪರೆ ಮಣ್ಣು ಸೋಪು ಹೀರುವ ಮಿತಿ ಮುಗಿಯುತ್ತಾ ಬಂದಿದ್ದರ ಗುರುತು. ಆವತ್ತೇ ನಿಲ್ಲಿಸಿದ್ದರೆ ಅಷ್ಟಕ್ಕೇ ನಿಲ್ಲುತ್ತಿತ್ತೇನೋ ಎಂದು ಬರೆದಳು. ‘ಏನೋ’ ಎಂದೇ ಬರೆದಿದ್ದಾಳೆ, ಖಚಿತವಿಲ್ಲ. ಆಮೇಲೆ ಕೇಳಿದಳು: ‘ಒಂದೇ ಸಲಕ್ಕೆ ಅಷ್ಟು ಸೋಪು ಹೊಯ್ಯಲು ಅವರಿಗೆ ಯಾರು ಹೇಳಿದರು?’

ನಾನು ಚೀಟಿಯನ್ನು ಮಡಿಸಿ ದಿಂಬಿನ ಕೆಳಗಿಟ್ಟೆ. ಕೇಳಿಸಲಿಲ್ಲ ಎನ್ನುವ ಹಾಗೂ ಇರಲಿಲ್ಲ, ಅದು ಕಾಗದದ ಮೇಲಿತ್ತು.

ಜಿಡ್ಡೆಲ್ಲ ಕಿತ್ತುಕೊಂಡು ಹೋಗುತ್ತದೆ ಎಂದು ನಾನೇ ಬರೆದೆ. ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ಮೂವತ್ತೈದು ವರ್ಷ ಸುರಿದಾಗಲೂ ಯೋಚಿಸಲಿಲ್ಲ. ನೆಲ ಕುಡಿಯುತ್ತಿತ್ತು, ನಾನು ಸುರಿಯುತ್ತಿದ್ದೆ. ಆ ಗುಂಡಿ ಇರುವುದು ನಾನು ಎಣ್ಣೆ ಸುರಿದ ಜಾಗದಲ್ಲೇ ಎಂದು ಜೂನ್‌ನಲ್ಲೇ ನಿನಗೆ ಬರೆಯಬೇಕಿತ್ತು. ಬರೆದರೆ ತಪ್ಪು ನನ್ನ ಕಡೆ ಬರುತ್ತದೆ ಎಂದು ಗಾಡಿಗಳ ಗ್ರೀಸಿನ ಮೇಲೆ ಹಾಕಿದೆ.

ನಜೀರಾ ಹೋದ ದಿನ ನಲ್ಲಿಯಲ್ಲಿ ನೀರಿರಲಿಲ್ಲ. ಅವಳ ಕೊನೆಯ ಸ್ನಾನಕ್ಕೆ ನೀನು ಹನ್ನೆರಡು ಕೊಡ ಸೇದಿ ಬಾಗಿಲಿಗೆ ತಂದಿಟ್ಟೆ. ಆ ಬಾವಿಗೆ ನಾನು ಹೀಗೆ ಮಾಡಿದೆ.

ಅಂಜಿನಪ್ಪ ಹದಿನೈದು ದಿನ ಕುಡಿದದ್ದು ನನ್ನನ್ನು ನಂಬಿ. ಇದಕ್ಕೆ ಏನು ಬರೆಯಬೇಕೋ ಗೊತ್ತಿಲ್ಲ.

ರಹಮತ್ ಉಲ್ಲಾ

~

ಅಜ್ಜಂಪುರ
24 ನವೆಂಬರ್ 2024

ರಹಮತಣ್ಣ,

ಏಳು ವಾರ ನಾನು ಬರೆಯಲಿಲ್ಲ. ನಿಮಗೂ ಗೊತ್ತಾಗಲಿ, ಕಾಯುವುದೆಂದರೆ ಏನು ಎಂದು ಮೊದಲು ಸಿಟ್ಟಿನಿಂದ ಬಿಟ್ಟೆ. ಆಮೇಲೆ ಬರೆಯಲು ಪುರುಸೊತ್ತೇ ಸಿಗಲಿಲ್ಲ.

ಇವರಿಗೆ ಹೊಟ್ಟೆನೋವು ಶುರುವಾಗಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಕರೆದುಕೊಂಡು ಹೋದವನು ಶಿವಕುಮಾರನೇ. ಡಾಕ್ಟರು ರಕ್ತದ ಚೀಟಿ ನೋಡಿ ‘ಲಿವರ್ ಸ್ವಲ್ಪ ಏರುಪೇರಿದೆ, ಕುಡಿಯೋ ಅಭ್ಯಾಸ ಇದೆಯಾ?’ ಎಂದರು. ಇವರು ‘ಇದೆ ಸ್ವಾಮಿ, ನೀರು’ ಎಂದರು. ಡಾಕ್ಟರು ನಕ್ಕರು. ನಾನು ಎಲ್ಲ ಹೇಳಿದೆ. ನಗು ನಿಲ್ಲಿಸಿ ಕೇಳಿಸಿಕೊಂಡರು. ಇದು ಆ ನೀರಿನಿಂದಲೇ ಎನ್ನಲಾಗದು, ಅಲ್ಲ ಎನ್ನಲೂ ಆಗದು ಎಂದರು. ಮೂರು ತಿಂಗಳಿಗೊಮ್ಮೆ ಬರಬೇಕು. ಈಗ ನೋವು ಕಡಿಮೆಯಿದೆ, ಊಟ ಸೇರುವುದಿಲ್ಲ.

ನಿಮ್ಮ ಕಾಗದವನ್ನು ಇವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ನನ್ ವಿಷ್ಯ ಬಿಡೇ, ಅವ್ನಿಗೆ ಎಷ್ಟ್ ಬೇಜಾರಾಗಿದೆ ನೋಡು’ ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನೀವು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಒಂದೇ ಸಾಲು.

ಆ ಕರಿಮಣ್ಣನ್ನೇ ತೆಗೆಸಿಬಿಡೋಣ ಎಂದು ದೀಪಾವಳಿ ಕಳೆದ ಮೇಲೆ ಜೆಸಿಬಿ ಕರೆಸಿದೆವು. ಡ್ರೈವರ್ ಚಂದ್ರಕುಮಾರ ಒಂದು ಬಕೆಟ್ ಎತ್ತಿ ಟ್ರ್ಯಾಕ್ಟರಿಗೆ ಹಾಕಿದ. ‘ಎಲ್ಲಿಗೆ ಹಾಕ್ಬೇಕು ಹೇಳಿ’ ಎಂದ. ಕೆರೆಯ ಏರಿಯ ಮಗ್ಗುಲಿಗೆ ಹಾಕಿದರೆ ಕೆರೆಗೆ, ಹಿರೇನಲ್ಲೂರು ಕಡೆಯ ಬೀಳಿಗೆ ಹಾಕಿದರೆ ಅಲ್ಲಿಯ ಹೊಲಕ್ಕೆ. ಪಂಚಾಯಿತಿ ಆಫೀಸಿಗೆ ಹೋಗಿ ಕೇಳಿದರೆ ಚಿಕ್ಕಮಗಳೂರಿನ ಪರಿಸರ ಆಫೀಸಿಗೆ ಬರೆಯಿರಿ ಎಂದರು. ಬರೆದೆವು. ಮಣ್ಣಿನ ವಿಷಯ ತಮ್ಮ ವ್ಯಾಪ್ತಿಗೆ ಬರುತ್ತದೋ ಇಲ್ಲವೋ ನೋಡಿ ತಿಳಿಸುತ್ತೇವೆ ಎಂದು ಉತ್ತರ ಬಂತು. ಟ್ರ್ಯಾಕ್ಟರ್ ಎರಡು ದಿನ ಮಣ್ಣು ಹೊತ್ತು ನಮ್ಮ ಮನೆ ಮುಂದೆ ನಿಂತಿತ್ತು. ಕೊನೆಗೆ ಇವರು ಕೋಲು ಊರಿಕೊಂಡು ಬಂದು ‘ತಗ್ದಲ್ಲೇ ಹಾಕಪ್ಪಾ’ ಎಂದರು. ಅಲ್ಲಿಗೇ ಹಾಕಿದ. ಮೇಲೆ ಟಾರ್ಪಾಲು ಹೊದಿಸಿ ಕಲ್ಲು ಹೇರಿದ್ದೇವೆ.

ಶಿವಕುಮಾರ ಅಂಗಡಿ ಬಿಟ್ಟು ಕಡೂರಿನಲ್ಲಿ ಯಾರದೋ ಸರ್ವೀಸ್ ಸ್ಟೇಷನ್ನಿನಲ್ಲಿ ಗಾಡಿ ತೊಳೆಯುತ್ತಿದ್ದಾನೆ. ‘ಅಲ್ಲಿಯ ನೀರು ಎಲ್ಲಿಗೆ ಹೋಗ್ತದೋ’ ಎಂದು ಕೇಳಿದೆ. ‘ಕೇಳ್ಬೇಡತ್ತೆ’ ಎಂದ.

ಈಗ ನನ್ನದೂ ಒಂದಿದೆ. ಜುಲೈನಲ್ಲಿ ನೀರು ಬೆಳ್ಳಗಾಗಿ ವಾಸನೆ ಬಂತೆಂದು ನಿಮಗೆ ಬರೆದೆನಲ್ಲ, ಅದಾದ ಮೇಲೂ ಮೂರು ವಾರ ಅದೇ ನೀರು ಹಾಯಿಸಿದ ಸೊಪ್ಪನ್ನು ಸಂತೆಯಲ್ಲಿ ಮಾರಿದೆ. ಬೆಳೆದು ನಿಂತದ್ದನ್ನು ಕಿತ್ತು ಬಿಸಾಡಲು ಕೈ ಬರಲಿಲ್ಲ. ಹೈಸ್ಕೂಲಿನ ಮಧುಶ್ರೀ ಮೇಡಂ ಆಗ ಏಳು ತಿಂಗಳ ಬಸುರಿ. ‘ಕಾಂತಮ್ಮ, ದಂಟು ಯಾಕೋ ಸೀಮೆಎಣ್ಣೆ ವಾಸನೆ’ ಎಂದರು. ‘ಚೀಲ ಸ್ಟೌ ಪಕ್ಕ ಇಟ್ಟಿದ್ದೆ ಕಣವ್ವಾ, ತೊಳೆದ್ರೆ ಹೋಗ್ತದೆ’ ಎಂದೆ. ನಾಲಗೆ ಒಂದು ಚೂರೂ ತಡವರಿಸಲಿಲ್ಲ. ಮಗು ಹುಟ್ಟಿದೆ, ಚೆನ್ನಾಗಿದೆಯಂತೆ. ನಾಮಕರಣಕ್ಕೆ ಕರೆದರು. ಹೋಗಿ ಬಾಗಿಲಲ್ಲೇ ನಿಂತು ಬಂದೆ. ಎತ್ತಿಕೊಳ್ಳಿ ಎಂದು ಕೊಟ್ಟರೆ ಕೈ ನೀಡಲಾಗಲಿಲ್ಲ.

ನಿಮಗೆ ಬೈದು ಬರೆಯಬೇಕೆಂದು ಕೂತರೆ ಇದು ಅಡ್ಡ ಬರುತ್ತದೆ. ಅದಕ್ಕೇ ಏಳು ವಾರ.

ಕಾಂತಮ್ಮ

~

ತರೀಕೆರೆ
15 ಡಿಸೆಂಬರ್ 2024

ತಂಗಿ,

ನೀನು ಬೈದೇ ಬರೆದಿದ್ದರೆ ಚೆನ್ನಾಗಿತ್ತು.

ಅಂಜಿನಪ್ಪನ ರಕ್ತದ ಚೀಟಿಯನ್ನು ನೂರೈನ್‌ಗೆ ಕಳಿಸಿದೆ. ಅವಳೂ ಡಾಕ್ಟರು ಹೇಳಿದ್ದನ್ನೇ ಹೇಳುತ್ತಾಳೆ. ಬಾವಿಯನ್ನು ಮುಚ್ಚಬೇಡಿ, ಜಾಲರಿ ಹಾಕಿ ಬಿಡಿ, ಮೂರು ತಿಂಗಳಿಗೊಮ್ಮೆ ನೀರು ತೆಗೆದು ನೋಡುತ್ತೇನೆ ಎಂದಿದ್ದಾಳೆ. ಮಣ್ಣಿನೊಳಗಿನ ಕ್ರಿಮಿಗಳು ಎಣ್ಣೆಯನ್ನು ನಿಧಾನಕ್ಕೆ ತಿಂದು ಮುಗಿಸುತ್ತವಂತೆ. ಎಷ್ಟು ವರ್ಷ ಎಂದು ಕೇಳಿದೆ. ಹದಿನೈದು ಎಂದು ಬರೆದಳು, ಹೊಡೆದುಹಾಕಿ ಇಪ್ಪತ್ತೈದು ಎಂದು ಬರೆದಳು, ಅದನ್ನೂ ಹೊಡೆದುಹಾಕಿ ಪೆನ್ ಕೆಳಗಿಟ್ಟಳು. ಸೀಸವನ್ನು ಅವು ತಿನ್ನುವುದಿಲ್ಲ, ಅದು ಇದ್ದೇ ಇರುತ್ತದೆ. ವಿದೇಶಗಳಲ್ಲಿ ಇಂಥ ಮಣ್ಣನ್ನು ಬೇಕೆಂದೇ ಸೋಪಿನ ನೀರಿನಲ್ಲಿ ತೊಳೆಯುತ್ತಾರಂತೆ. ಆದರೆ ಸುತ್ತ ಬಾವಿ ಕೊರೆದು, ಇಳಿದ ನೀರನ್ನೆಲ್ಲ ಎತ್ತಿ ಹಿಡಿದುಕೊಳ್ಳುತ್ತಾರಂತೆ. ನಾನು ಅರ್ಧ ಕೆಲಸ ಮಾಡಿಸಿದೆ.

ಇವತ್ತು ಬರೆಯುತ್ತಿರುವುದು ಬೇರೊಂದಕ್ಕೆ. ಆವತ್ತು ಬಂದಾಗ ನೂರೈನ್ ನಮ್ಮ ಜಾಗದ ಇಳಿಜಾರು ನೋಡಿಕೊಂಡು ಹೋಗಿದ್ದಳು. ನಿನ್ನ ಬಾವಿಯಿಂದ ಕೆಳಗೆ ಕೆರೆಯ ಕಡೆಗೆ ತೀರ್ಥಪ್ಪನ ಬೋರ್ ಇದೆ. ಸುತ್ತಿನ ಏಳು ಮನೆಗೆ ಅದೇ ನೀರು. ಬಾವಿಯಲ್ಲಿ ನಿಂತದ್ದು ಅಲ್ಲೇ ನಿಲ್ಲುತ್ತದೆ ಎಂದುಕೊಳ್ಳಬಾರದು ಎನ್ನುತ್ತಾಳೆ. ಅಲ್ಲಿಗೆ ಮುಟ್ಟಬಹುದು, ಮುಟ್ಟದೆಯೂ ಇರಬಹುದು. ಬರುವ ವರ್ಷವೋ ಹತ್ತು ವರ್ಷಕ್ಕೋ ತಿಳಿಯದು.

ಅವನಿಗೆ ಹೇಳಬೇಕು. ನಾನೇ ಬಂದು ಹೇಳಬೇಕಾದದ್ದು. ಹೋದ ಶುಕ್ರವಾರ ಜಾವೀದನ ಲಾರಿಯ ಕ್ಯಾಬಿನ್ನಿಗೆ ಹತ್ತಲು ನೋಡಿದೆ. ಎರಡನೆಯ ಮೆಟ್ಟಿಲಿಗೆ ಕಾಲು ಏಳಲಿಲ್ಲ. ಜಾವೀದ್ ಕೆಳಗಿನಿಂದ ಎತ್ತಿದ, ಯಾಸ್ಮಿನ್ ಮೇಲಿನಿಂದ ಎಳೆದಳು, ಆಗಲಿಲ್ಲ. ಮತ್ತೆ ತಂದು ಮಂಚದ ಮೇಲೆ ಕೂರಿಸಿದರು. ಹಾಗಾಗಿ ಇದನ್ನೂ ನಿನ್ನ ತಲೆಯ ಮೇಲೆ ಹಾಕುತ್ತಿದ್ದೇನೆ.

ಕಂದು ಬಾಟಲಿಯೊಂದನ್ನು ಕಳಿಸಿದ್ದೇನೆ.

ರಹಮತ್ ಉಲ್ಲಾ

~

ಅಜ್ಜಂಪುರ
19 ಜನವರಿ 2025

ರಹಮತಣ್ಣನವರಿಗೆ,

ನಿಮ್ಮ ಕಾಗದ ಬಂದು ಒಂದು ತಿಂಗಳಾಯಿತು. ದಿನಾ ಬೆಳಗ್ಗೆ ತೀರ್ಥಪ್ಪನ ಮನೆಯವರೆಗೂ ಹೋಗುತ್ತಿದ್ದೆ, ಬೇಲಿಯ ಹತ್ತಿರ ನಿಂತು ವಾಪಸ್ ಬರುತ್ತಿದ್ದೆ. ಸಂಕ್ರಾಂತಿಯ ದಿನ ಎಳ್ಳು ಕೊಡುವ ನೆಪದಲ್ಲಿ ಒಳಗೆ ಹೋದೆ. ಕೊಟ್ಟು ಬಂದೆ, ಹೇಳಲಿಲ್ಲ. ಹಬ್ಬದ ದಿನ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ಹೇಳಿದೆ.

ತೀರ್ಥಪ್ಪ ಜಗಲಿಯ ಮೇಲೆ ಕಾಯಿ ಸುಲಿಯುತ್ತಿದ್ದ. ಮೊದಲಿನಿಂದ ಕೊನೆಯವರೆಗೂ ಕೇಳಿದ. ‘ನಂದು ನಾನೂರಡಿ ಬೋರು ಕಣಮ್ಮ. ಅಲ್ಲೀತನಕ ಬತ್ತದಾ?’

‘ಬರ್ಬೋದು ಅಂತಾಳೆ. ಬರ್ದೇನೂ ಇರ್ಬೋದಂತೆ.’

‘ಯಾವಾಗ?’

‘ಅದೂ ಗೊತ್ತಿಲ್ವಂತೆ.’

‘ಹಂಗಾದ್ರೆ ನಾನೀಗ ಏನ್ ಮಾಡ್ಬೇಕು ಅಂತ ಹೇಳಕ್ ಬಂದೆ ನೀನು?’

ಸಿಟ್ಟಿನಿಂದ ಕೇಳಲಿಲ್ಲ ಅಣ್ಣ. ನಿಜವಾಗಿ ಕೇಳಿದ. ಸೊಸೆ ಭೂಮಿಕಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಒಳಗೆ ಹೋಗಿ ಬೋರಿನ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದಳು. ತೀರ್ಥಪ್ಪ ಅದನ್ನು ಬೆಳಕಿಗೆ ಹಿಡಿದ, ಮೂಸಿದ. ‘ಕೊರೋನ ಬಂದಾಗ್ಲೇ ನನ್ ಮೂಗು ಹೋಯ್ತು. ನಿಂಗೆ ಆ ವಾಸ್ನೆ ಗೊತ್ತಲ್ಲ, ನೀನೇ ನೋಡಿ ಹೇಳು’ ಎಂದು ನನ್ನ ಕೈಗೆ ಕೊಟ್ಟ.

ಮೂಸಿದೆ. ಇದೆ ಅನ್ನಿಸಿತು. ಇನ್ನೊಂದು ಸಲ ಮೂಸಿದೆ, ಇಲ್ಲ ಅನ್ನಿಸಿತು. ಈಗ ನನಗೆ ಕಾಫಿಯಲ್ಲೂ ಅದೇ ವಾಸನೆ, ಒಗೆದ ಸೀರೆಯಲ್ಲೂ ಅದೇ. ಆರು ತಿಂಗಳಿಂದ ಅದನ್ನೇ ಮೂಸುತ್ತಿದ್ದೇನಲ್ಲ. ಅವರಿಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ‘ಗೊತ್ತಾಗ್ತಿಲ್ಲ ಕಣ್ರೀ’ ಎಂದೆ.

ಭೂಮಿಕಾ ಲೋಟ ಇಸಿದುಕೊಂಡಳು. ಒಳಗೆ ಒಯ್ಯಲಿಲ್ಲ, ಕೆಳಗೂ ಇಡಲಿಲ್ಲ. ಕೊನೆಗೆ ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ಸುರಿದ ಮೇಲೆ ಆ ಗಿಡವನ್ನೇ ನೋಡುತ್ತಾ ನಿಂತಳು. ‘ಇವತ್ತು ಅಡುಗೆಗೆ ಯಾವ್ ನೀರು ಹಾಕ್ಲಿ ಮಾವ?’ ಎಂದಳು. ತೀರ್ಥಪ್ಪ ಸುಲಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟ. ‘ಅದನ್ನೇ ಹಾಕು’ ಎಂದ.

ಇವರು ಈಗ ಅಂಗಳದವರೆಗೂ ಓಡಾಡುತ್ತಾರೆ. ಮುಂದಿನ ವಾರ ಮತ್ತೆ ಶಿವಮೊಗ್ಗಕ್ಕೆ ಹೋಗಬೇಕು.

ತೀರ್ಥಪ್ಪನ ಬೋರಿನ ನೀರು ತುಂಬಿ ಬಾಟಲಿಯನ್ನು ಕಳಿಸುತ್ತಿದ್ದೇನೆ. ಮುಚ್ಚಳಕ್ಕೆ ಬಟ್ಟೆ ಸುತ್ತಿದ್ದೇನೆ, ಮೇಲೆ ತಾರೀಕು ಬರೆದಿದ್ದೇನೆ. ನೂರೈನ್ ಏನು ಹೇಳಿದರೂ ಅದನ್ನು ಹೇಳಿದ ದಿನವೇ ಬರೆದು ಅಂಚೆಗೆ ಹಾಕಿ. ನನಗೆ ಬರೆಯಬೇಡಿ, ಸೀದಾ ತೀರ್ಥಪ್ಪನ ಹೆಸರಿಗೇ ಬರೆಯಿರಿ. ನನ್ನ ಕೈಗೆ ಬಂದರೆ ನಾನು ಅದನ್ನು ಎಷ್ಟು ದಿನ ಇಟ್ಟುಕೊಂಡು ಕೂರುತ್ತೇನೋ ನನಗೇ ಗೊತ್ತಿಲ್ಲ.

ಕಾಂತಮ್ಮ